ಹಿಮದ ಗುಡ್ಡ ಓದಿ ಆಮೇಲೆ ಬರೆ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಪ್ಯಾರಾ ಎಲ್ಲಿ ಒಡೆಯಬೇಕು, ಪ್ರಕಾಶಕರು ಯಾರು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ್ದು ಪತ್ರದ ಕೊನೆಯ ಮಾತು. ಹಳೆಯ ಜಪಾನೀ ಸಾಹಿತ್ಯ ತಲೆಗೆ ಹತ್ತಲಿಲ್ಲ, ಹಾಗಾಗಿ ನೀನು ಬರೆಯಲಿಕ್ಕೂ ಲಾಯಕ್ಕಿಲ್ಲ ಅಂತೆ. ಎಂಥ ಲೆಕ್ಕಾಚಾರ ಮಾರಾಯ್ತಿ!

‘ಗೆಂಜಿಯ ಕಥೆ’ಯನ್ನು ಅರ್ಧಕ್ಕೇ ಬಿಟ್ಟೆಯಂತೆ. ಬಿಡು. 54 ಅಧ್ಯಾಯ, ಹೆಚ್ಚಿನ ಪಾತ್ರಗಳಿಗೆ ಹೆಸರೇ ಇಲ್ಲ, ಹುದ್ದೆ ಬದಲಾದರೆ ಕರೆಯುವ ರೀತಿಯೂ ಬದಲು. ಅದನ್ನು ಬರೆದ ಮುರಾಸಾಕಿ ಶಿಕಿಬುಗೆ ಕಂಡರಾಗದ ಒಬ್ಬಳಿದ್ದಳು, ಸೇಯ್ ಶೋನಗೋನ್. ಅಹಂಕಾರಿ, ಚೀನೀ ಅಕ್ಷರ ಬರೆದು ಮೆರೆಯುತ್ತಾಳೆ, ಸರಿಯಾಗಿ ನೋಡಿದರೆ ತಪ್ಪುಗಳೇ ಜಾಸ್ತಿ ಅಂತ ಮುರಾಸಾಕಿ ತನ್ನ ದಿನಚರಿಯಲ್ಲಿ ಕುಟುಕಿದ್ದಾಳೆ. ನೀನು ಮೊದಲು ಓದಬೇಕಾದ್ದು ಆ ಅಹಂಕಾರಿಯನ್ನೇ. ಪುಸ್ತಕದ ಹೆಸರು ‘ಮಕುರಾ ನೊ ಸೋಶಿ’, ಇಂಗ್ಲಿಷಿನಲ್ಲಿ ‘ದಿ ಪಿಲ್ಲೋ ಬುಕ್’, ಸುಮಾರು ಕ್ರಿ.ಶ. 1000ದ್ದು. ಮುಖದ ಹತ್ತಿರ ಗುಂಯ್‌ಗುಡುವ ಸೊಳ್ಳೆ, ಅರ್ಜೆಂಟ್ ಕೆಲಸವಿದ್ದಾಗ ಬಂದು ಕೂತು ಮಾತು ನಿಲ್ಲಿಸದ ಅತಿಥಿ, ಇಂಥವನ್ನೆಲ್ಲ ಪಟ್ಟಿ ಮಾಡಿ ಬೈಯುತ್ತಾಳೆ. ಇದರಲ್ಲಿ ಅರ್ಥವಾಗದ್ದು ಏನಿದೆ?

ಅದರಲ್ಲಿ ಒಂದು ಹಿಮದ ಗುಡ್ಡದ ಕಥೆ ಬರುತ್ತದೆ. 998ರ ಚಳಿಗಾಲದ್ದು ಅಂತ ವಿದ್ವಾಂಸರ ಲೆಕ್ಕ. ಶೋನಗೋನ್ ಸೇವೆಗಿದ್ದ ರಾಣಿ ತೇಯ್‌ಶಿಯ ಅಂಗಳದಲ್ಲಿ ಆಳುಗಳು ಹಿಮದ ಗುಡ್ಡ ಕಟ್ಟುತ್ತಾರೆ. ಎಷ್ಟು ದಿನ ಉಳಿಯುತ್ತದೆ ಅಂತ ಪಂದ್ಯ. ವರ್ಷ ಮುಗಿಯುವುದರೊಳಗೆ ಕರಗುತ್ತದೆ ಅಂತ ಉಳಿದವರು. ಮೊದಲ ತಿಂಗಳ ಹದಿನೈದರವರೆಗೂ ಇರುತ್ತದೆ ಅಂತ ಶೋನಗೋನ್‌ಳದೊಂದು ಹಟ. ಮಳೆ ಬಂದರೆ ದೇವರಿಗೆ ಮೊರೆಯಿಡುತ್ತಾಳೆ. ಮಕ್ಕಳು ತುಳಿಯದಂತೆ ಕಾವಲು ಹಾಕಿಸುತ್ತಾಳೆ. ತಾನು ಊರಿಗೆ ಹೋದಾಗಲೂ ನೋಡಿ ಬರಲು ಆಳು ಕಳಿಸುತ್ತಾಳೆ. ಹದಿನೈದರ ಬೆಳಗ್ಗೆ ಹಿಮ ತುಂಬಿಕೊಂಡು ಬಾ ಅಂತ ಕಳಿಸಿದ ಆಳು ಬರಿಗೈಲಿ ವಾಪಸ್! ಹಿಂದಿನ ರಾತ್ರಿಯೇ ರಾಣಿ ಬೇಕಂತಲೇ ಗುಡ್ಡವನ್ನು ತೆಗೆಸಿ ಬಿಸಾಡಿಸಿದ್ದಳು.

ಇಷ್ಟೇ. ಓದಿ ನಗುತ್ತೀಯ. ಈಗ ಶೋನಗೋನ್ ಅಲ್ಲಿ ಹೇಳದ್ದನ್ನು ಕೇಳು. ರಾಣಿಯ ಅಪ್ಪ 995ರಲ್ಲೇ ತೀರಿಹೋಗಿದ್ದ. ಮರುವರ್ಷ ಅಣ್ಣನ ಗಡಿಪಾರಾಯಿತು, ರಾಣಿ ಸನ್ಯಾಸಿನಿಯಂತೆ ಕೂದಲು ಕತ್ತರಿಸಿಕೊಂಡಳು. ಅಧಿಕಾರವೆಲ್ಲ ಚಿಕ್ಕಪ್ಪ ಮಿಚಿನಾಗನ ಕೈಗೆ ಹೋಗಿತ್ತು. ಗುಡ್ಡ ತೆಗೆಸಿದ ವರ್ಷವೇ ಅವನು ತನ್ನ ಮಗಳನ್ನು ತೇಯ್‌ಶಿಯ ಗಂಡನಾದ ಚಕ್ರವರ್ತಿಗೇ ಕೊಟ್ಟ. ಅದಾದ ಮುಂದಿನ ಚಳಿಗಾಲದಲ್ಲಿ ತೇಯ್‌ಶಿ ಮೂರನೇ ಹೆರಿಗೆಯಲ್ಲಿ ಸತ್ತಳು. ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಶೋನಗೋನ್‌ಗೆ ಎಲ್ಲ ಗೊತ್ತಿತ್ತು. ಆ ಸಾವಿನ ವರ್ಣನೆಯೇ ಪುಸ್ತಕದಲ್ಲಿಲ್ಲ. ತನ್ನ ರಾಣಿ ಹೇಗೆ ತಮಾಷೆ ಮಾಡುತ್ತಿದ್ದಳು ಅನ್ನುವುದನ್ನು ಮಾತ್ರ ಉಳಿಸಿಟ್ಟಳು.

ಹಾಗಂತ ಅವಳಿಗೆ ಆರತಿ ಎತ್ತಬೇಡ. ಬಡವರ ಮನೆಯ ಮೇಲೆ ಹಿಮ ಬಿದ್ದರೆ ಒಪ್ಪುವುದಿಲ್ಲ ಅಂತಲೂ ಬರೆದ ಮಹಾತಾಯಿ ಅವಳು.

ನಾನೂ ಹಿಂದೊಮ್ಮೆ ಒಂದು ಪತ್ರಿಕೆಗೆ ಈ ಗುಡ್ಡದ ಬಗ್ಗೆ ಬರೆದುಕೊಟ್ಟಿದ್ದೆ. ‘ನಮ್ಮ ಬದುಕೂ ಕರಗುವ ಹಿಮದಂತೆ’ ಅಂತ ಸಂಪಾದಕರು ಕೊನೆಗೊಂದು ಸಾಲು ತಾವೇ ಸೇರಿಸಿ ಅಚ್ಚು ಹಾಕಿಸಿಬಿಟ್ಟರು. ಸಿಕ್ಕವರೆಲ್ಲ ಆ ಸಾಲನ್ನೇ ಹೊಗಳಿದರು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ನಿನ್ನ ಹಸ್ತಪ್ರತಿಯಲ್ಲಿ ಅಂಥ ಸಾಲು ಪುಟಕ್ಕೊಂದು ಇದೆ. ಅಪ್ಪನ ಅಂಗಡಿ ಮುಚ್ಚುವ ದಿನ ಅವರು ತಕ್ಕಡಿ ಒರೆಸಿಟ್ಟರು ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೆ ಗಂಟಲು ಕಟ್ಟಿತು. ಕೆಳಗೆ ನೋಡಿದರೆ ಅರ್ಧ ಪುಟ ಕ್ಷಣಿಕತೆ, ಝೆನ್, ಚೆರ್ರಿ ಹೂವು! ಝೆನ್ ಅನ್ನುವ ಬೌದ್ಧ ಪಂಥ ಜಪಾನಿನಲ್ಲಿ ಬೇರೂರಿದ್ದೇ ಶೋನಗೋನ್ ಕಾಲವಾಗಿ ಸುಮಾರು ಇನ್ನೂರು ವರ್ಷಕ್ಕೆ. ನಿಮ್ಮಪ್ಪನ ಅಂಗಡಿಯಲ್ಲಿ ಅದಕ್ಕೇನು ಕೆಲಸ? ತಕ್ಕಡಿ ಸಾಲದೇ ಹೋಯಿತಾ ನಿನಗೆ?

ಆ ಅರ್ಧ ಪುಟ ಹೊಡೆದುಹಾಕಿ ಅಂಗಡಿಯ ಅಧ್ಯಾಯವನ್ನಷ್ಟೇ ಕಳಿಸು. ಬೇಗ ಕಳಿಸು, ಕಾಯುತ್ತಿರುತ್ತೇನೆ. ಶೋನಗೋನ್ ಪುಸ್ತಕಕ್ಕೆ ಮೆರೆಡಿತ್ ಮೆಕಿನ್ನಿಯ ಇಂಗ್ಲಿಷ್ ಅನುವಾದ ತರಿಸಿಕೋ. ಆರ್ಥರ್ ವೇಲಿಯದು ಸೊಗಸೇ, ಆದರೆ ಕಾಲು ಭಾಗದಷ್ಟೇ ಇದೆ. ನನ್ನ ಪ್ರತಿ ಮಾತ್ರ ಕೇಳಬೇಡ. ಹೊಸ ಬರಹಗಾರರಿಗೆ ಕೊಟ್ಟ ಪುಸ್ತಕ ಒಂದೂ ವಾಪಸ್ ಬಂದಿಲ್ಲ.

ನಿನ್ನ
ಅಕ್ಕ