ಪ್ರವಾಸ ವಿಮೆ: ದುಡ್ಡು ಕಟ್ಟುವ ಮೊದಲು ಓದಬೇಕಾದ ಪುಟ

ಸಂಪಾದಕರೇ, ನಮಸ್ಕಾರ.

ನಿಮ್ಮ ಪ್ರವಾಸ ಪುರವಣಿಯನ್ನು ನಾನು ತಪ್ಪದೆ ಓದುತ್ತೇನೆ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಟಿಕೆಟ್ ಯಾವಾಗ ಬುಕ್ ಮಾಡಿದರೆ ಅಗ್ಗ, ಎಲ್ಲ ಚೆನ್ನಾಗಿಯೇ ಬರುತ್ತದೆ. ಆದರೆ ವಿಮೆಯ ವಿಷಯ ಬಂದಾಗ ಮಾತ್ರ 'ಪ್ರವಾಸ ವಿಮೆ ಮಾಡಿಸಲು ಮರೆಯಬೇಡಿ' ಎಂದು ಒಂದು ಸಾಲು ಬರೆದು ಲೇಖನ ಮುಗಿಸಿಬಿಡುತ್ತೀರಿ. ಯಾವ ವಿಮೆ, ಎಷ್ಟು ಮೊತ್ತಕ್ಕೆ, ಏನು ಸೇರುತ್ತದೆ, ಏನು ಸೇರುವುದಿಲ್ಲ, ಒಂದೂ ಇರುವುದಿಲ್ಲ. ಓದಿದವರು ಏನು ಮಾಡಬೇಕು ಹೇಳಿ? ಟಿಕೆಟ್ ಬುಕ್ ಮಾಡುವಾಗ ಕೊನೆಯಲ್ಲಿ ಕಾಣುವ ಪುಟ್ಟ ಚೌಕಕ್ಕೆ ಟಿಕ್ ಹಾಕಿ, ಸರಿ, ವಿಮೆ ಆಯ್ತು ಅಂದುಕೊಂಡು ವಿಮಾನ ಹತ್ತುತ್ತಾರೆ. ಆ ಟಿಕ್ ಹಿಂದೆ ಇರುವ ಉದ್ದದ ಪಾಲಿಸಿ ಪತ್ರವನ್ನು ತೆಗೆದು ನೋಡುವುದು ಏನಾದರೂ ಎಡವಟ್ಟಾದ ಮೇಲೆಯೇ.

ವಿಮೆ ಕೊಳ್ಳುವಾಗ ಬಹಳ ಜನ ಮೊದಲು ಕೇಳುವುದು ಬ್ಯಾಗ್ ಬಗ್ಗೆ. ಬ್ಯಾಗ್ ಕಳೆದರೆ ದುಡ್ಡು ಬರುತ್ತಾ, ವಿಮಾನ ತಡವಾದರೆ ಎಷ್ಟು ಕೊಡ್ತಾರೆ, ಹೀಗೆ. ಬ್ಯಾಗ್ ಕಳೆದರೆ ಬೇಜಾರು, ಒಪ್ಪುತ್ತೇನೆ. ಆದರೆ ಚೆಕ್-ಇನ್ ಮಾಡಿದ ಬ್ಯಾಗ್‌ಗೆ ವಿಮಾನ ಕಂಪನಿಯೇ ಹೊಣೆ ಹೊರಬೇಕು. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗುವ ಅಂತರರಾಷ್ಟ್ರೀಯ ಪ್ರಯಾಣಗಳಲ್ಲಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್‌ವರೆಗೆ ಪರಿಹಾರ ಕೇಳುವ ಹಕ್ಕಿದೆ. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಮಾನ. ಮೊದಲು 1,288 ಇದ್ದ ಈ ಮಿತಿ 2024ರ ಡಿಸೆಂಬರ್ 28ರಿಂದ ಏರಿದೆ. ಬ್ಯಾಗ್ ಹಾಳಾಗಿದ್ದರೆ ಕೈಗೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ವಿಮಾನ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಕೌಂಟರ್‌ನಲ್ಲಿ ದೂರು ಬರೆಸಿ ಅದರ ಪ್ರತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ವಿಮಾ ಕಂಪನಿಯೂ ಆಮೇಲೆ ಕೇಳುವುದು ಅದನ್ನೇ.

ಒಂದು ಕುಟುಂಬವನ್ನು ಸಾಲಕ್ಕೆ ತಳ್ಳುವುದು ಆಸ್ಪತ್ರೆ ಬಿಲ್. ಪರದೇಶದಲ್ಲಿ ಕಾಲು ಮುರಿದು ಶಸ್ತ್ರಚಿಕಿತ್ಸೆ ಆದರೆ, ಹೃದಯಾಘಾತವಾಗಿ ಐಸಿಯುನಲ್ಲಿ ಮಲಗಿದರೆ, ಆ ಖರ್ಚಿಗೆ ಮೇಲ್ಮಿತಿ ಅಂತ ಒಂದಿಲ್ಲ. ಅದರ ಮೇಲೆ ರೋಗಿಯನ್ನು ಊರಿಗೆ ಕರೆತರುವ ಖರ್ಚು ಬೇರೆ. ಸಾಮಾನ್ಯ ವಿಮಾನದಲ್ಲೇ ಸ್ಟ್ರೆಚರ್ ಹಾಕಿ ಕರೆತರುವುದಾದರೂ ಹಲವು ಸೀಟುಗಳ ಜಾಗ ಬೇಕು, ಜೊತೆಗೆ ಡಾಕ್ಟರೋ ನರ್ಸೋ ಬರಬೇಕು. ಏರ್ ಆಂಬುಲೆನ್ಸ್ ಅಂದರಂತೂ ಸಾಮಾನ್ಯ ಮನೆಯವರು ಯೋಚಿಸುವ ಮೊತ್ತವೇ ಅಲ್ಲ. ಸಾವು ಸಂಭವಿಸಿದರೆ ಪಾರ್ಥಿವ ಶರೀರ ತರುವುದಕ್ಕೂ ಬೇರೆ ಖರ್ಚು ಇದೆ. ಯಾರಿಗೂ ಈ ಮಾತು ಇಷ್ಟವಾಗುವುದಿಲ್ಲ, ಗೊತ್ತು, ಆದರೂ ವಿಮೆ ಇರುವುದೇ ಇಂಥದ್ದಕ್ಕೆ ಅಲ್ವಾ? ಹಾಗಾಗಿ ಎರಡು ಪಾಲಿಸಿ ಹೋಲಿಸುವಾಗ ಮೊದಲು ನೋಡಬೇಕಾದದ್ದು ವೈದ್ಯಕೀಯ ಮೊತ್ತ, ಆಮೇಲೆ ತುರ್ತಾಗಿ ಸಾಗಿಸುವುದಕ್ಕೆ ಮತ್ತು ಊರಿಗೆ ಕರೆತರುವುದಕ್ಕೆ ಇರುವ ಮೊತ್ತ. ಬ್ಯಾಗ್, ತಡ, ಪಾಸ್‌ಪೋರ್ಟ್ ಕಳೆದದ್ದು, ಇವೆಲ್ಲ ಅದರ ನಂತರ.

ವೀಸಾಗೆ ಅಂತಲೇ ವಿಮೆ ಕೊಳ್ಳುವವರದು ಇನ್ನೊಂದು ಸಮಸ್ಯೆ. ಯುರೋಪಿನ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಅಲ್ಪಾವಧಿ ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ ಕಡ್ಡಾಯ. 2009ರಲ್ಲಿ ಬಂದ ವೀಸಾ ನಿಯಮದಲ್ಲಿ ಇದು ಸ್ಪಷ್ಟವಾಗಿದೆ: ತುರ್ತು ಚಿಕಿತ್ಸೆ, ಆಸ್ಪತ್ರೆ, ಅನಾರೋಗ್ಯದಿಂದಲೋ ಸಾವಿನಿಂದಲೋ ಊರಿಗೆ ಕಳಿಸಬೇಕಾದರೆ ಅದರ ಖರ್ಚು, ಇಷ್ಟು ಸೇರಿರಬೇಕು, ಷೆಂಗೆನ್ ಪ್ರದೇಶದಲ್ಲೆಲ್ಲ ನಡೆಯಬೇಕು, ಉಳಿಯುವ ಅಷ್ಟೂ ದಿನಕ್ಕೆ ಇರಬೇಕು. ಆ 30,000 ಕನಿಷ್ಠ ಮಿತಿ. ಇಷ್ಟಿದ್ದರೆ ವೀಸಾ ಅರ್ಜಿ ತೆಗೆದುಕೊಳ್ಳುತ್ತೇವೆ ಅನ್ನುವುದಕ್ಕೆ ಮಾತ್ರ ಅದು ಸಾಕು. ದೊಡ್ಡ ಕಾಯಿಲೆಗೆ ಸಾಕು ಅಂತ ಯಾರೂ ಭರವಸೆ ಕೊಟ್ಟಿಲ್ಲ. ಟಿಕೆಟ್ ರದ್ದಾದರೆ ಏನು, ಬ್ಯಾಗ್ ಹೋದರೆ ಏನು ಅನ್ನುವುದೂ ಆ ನಿಯಮದಲ್ಲಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಮೊದಲೇ ಇರುವ ಕಾಯಿಲೆ. ನನ್ನ ಪರಿಚಯದ ಹಿರಿಯರೊಬ್ಬರಿಗೆ ಬಿಪಿ ಮಾತ್ರೆ ಇತ್ತು, ದಿನಾ ಒಂದು, ಅಷ್ಟೇ. ಅರ್ಜಿಯಲ್ಲಿ ಕಾಯಿಲೆ ಇದೆಯಾ ಅಂತ ಕೇಳಿದ ಜಾಗದಲ್ಲಿ ಮನೆಯವರು 'ಇಲ್ಲ' ಅಂತ ತುಂಬಿದರು, ಮಾತ್ರೆ ತಗೊಂಡರೆ ಅದೇನು ಕಾಯಿಲೆಯಾ ಎಂಬ ಭಾವನೆಯಿಂದ. ಪ್ರವಾಸದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯವರು ಹಳೆಯ ಔಷಧಿಗಳ ವಿವರ ಕೇಳಿ ಬರೆದುಕೊಂಡರು, ಅದು ವಿಮಾ ಕಂಪನಿಗೆ ಹೋಯಿತು, ಕ್ಲೈಮ್ ತಿರಸ್ಕಾರವಾಯಿತು. ಮೋಸ ಮಾಡುವ ಉದ್ದೇಶ ಅವರಿಗೆ ಖಂಡಿತ ಇರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ತಪ್ಪಿತ್ತು, ಕಂಪನಿ ಹಿಡಿದುಕೊಂಡದ್ದು ಅಷ್ಟನ್ನೇ. ಅದಕ್ಕೇ ಕೇಳಿಕೊಳ್ಳುತ್ತೇನೆ, ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಆಸ್ತಮಾ, ಹಿಂದೆ ಆದ ಆಪರೇಷನ್, ಯಾವುದನ್ನೂ ಮುಚ್ಚಿಡಬೇಡಿ. ಕೆಲವು ಪಾಲಿಸಿಗಳು ಕೊಳ್ಳುವ ಹಿಂದಿನ 60 ದಿನದ ಆರೋಗ್ಯ ನೋಡುತ್ತವೆ, ಕೆಲವು 180 ದಿನ. ಆ ಅವಧಿಯಲ್ಲಿ ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದ್ದರೂ ಅದನ್ನು ಆರೋಗ್ಯದಲ್ಲಾದ ಬದಲಾವಣೆ ಎಂದೇ ಲೆಕ್ಕ ಹಾಕಬಹುದು. ನಿಜ ಹೇಳಿದರೆ ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗಬಹುದು, ಕೆಲವು ಕಂಪನಿಗಳು ಪಾಲಿಸಿ ಕೊಡಲ್ಲ ಅನ್ನಲೂಬಹುದು. ಆಗ ಬೇರೆ ಕಡೆ ವಿಚಾರಿಸಲು ಸಮಯವಾದರೂ ಇರುತ್ತದೆ. ಆಸ್ಪತ್ರೆ ಮಂಚದ ಮೇಲೆ ಆ ಸಮಯ ಸಿಗುವುದಿಲ್ಲ.

ಪ್ರವಾಸ ರದ್ದಾದರೆ ದುಡ್ಡು ಬರುತ್ತದೆ ಅನ್ನುವುದೂ ಅರ್ಧ ನಿಜ. ಪಾಲಿಸಿಯಲ್ಲಿ ಬರೆದಿರುವ ಕಾರಣಗಳಿಗೆ ಮಾತ್ರ ಬರುತ್ತದೆ. ನಿಮಗೋ ಹತ್ತಿರದವರಿಗೋ ತೀವ್ರ ಅನಾರೋಗ್ಯ, ಸಾವು, ಇಂಥವು ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಮನಸ್ಸು ಬದಲಾಯಿತು, ಭಯವಾಯಿತು ಅಂದರೆ ಬರುವುದಿಲ್ಲ. ವೀಸಾ ಸಿಗಲಿಲ್ಲ ಅನ್ನುವುದನ್ನೂ ಬಹಳ ಪಾಲಿಸಿಗಳು ಒಪ್ಪುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಿದ್ದರೆ ಮಾತು ಬೇರೆ. ಯಾವ ಕಾರಣಕ್ಕಾದರೂ ರದ್ದು ಮಾಡುವ ಸೌಲಭ್ಯ ಕೆಲವು ಕಡೆ ಸಿಗುತ್ತದೆ. ಆದರೆ ಅದಕ್ಕೆ ಹೆಚ್ಚು ದುಡ್ಡು ಕೊಡಬೇಕು, ಮೊದಲ ಬುಕಿಂಗ್ ಆದ ಕೆಲವೇ ದಿನಗಳಲ್ಲಿ ಕೊಳ್ಳಬೇಕು, ಹಾಗಿದ್ದರೂ ವಾಪಸ್ ಬರುವುದು ಸಾಮಾನ್ಯವಾಗಿ ಶೇ 50ರಿಂದ 75ರಷ್ಟು.

ಯಾವಾಗ ಕೊಳ್ಳುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಚಿಕಿತ್ಸೆಯ ಕವರ್ ಹೊರಟ ದಿನದಿಂದ ಶುರುವಾಗುತ್ತದೆ, ರದ್ದತಿಯ ಕವರ್ ಸಾಮಾನ್ಯವಾಗಿ ಪಾಲಿಸಿ ಕೊಂಡ ಕೂಡಲೇ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಕೊಂಡರೆ ರದ್ದತಿಗೆ ಕೊಟ್ಟ ದುಡ್ಡು ಸುಮ್ನೆ ಹೋದ ಹಾಗೆ. ಎಲ್ಲರಿಗೂ ಗೊತ್ತಾದ ಆಪತ್ತಿಗೆ ಆಮೇಲೆ ವಿಮೆ ಸಿಗುವುದಿಲ್ಲ, ಇದನ್ನು ಯಾರೂ ಮರೆಯಬಾರದು. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಉಗುಳಿದ ಬೂದಿಯಿಂದ ಯುರೋಪಿನ ಬಹುಭಾಗದಲ್ಲಿ ವಿಮಾನಗಳೇ ನಿಂತುಹೋದವು. ಬೂದಿ ಕಂಡ ಮೇಲೆ ವಿಮೆ ಕೊಂಡವರಿಗೆ ಅದರಿಂದ ಉಪಯೋಗ ಇರಲಿಲ್ಲ. ಕೋವಿಡ್ ಸಮಯದಲ್ಲೂ ಹೀಗೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಮಾರಿ ಎಂದದ್ದು 2020ರ ಮಾರ್ಚ್ 11ರಂದು, ಆದರೆ ಜನವರಿ ಕೊನೆಯ ಹೊತ್ತಿಗೇ ಹಲವು ಕಂಪನಿಗಳು ಇದು ಗೊತ್ತಿರುವ ಅಪಾಯ, ಇನ್ನು ಮೇಲೆ ಕೊಳ್ಳುವವರಿಗೆ ಇದು ಸೇರುವುದಿಲ್ಲ ಅಂದುಬಿಟ್ಟಿದ್ದವು.

ಟೂರ್ ಕಂಪನಿಯೇ ಮುಳುಗಿದರೆ? 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಬಾಗಿಲು ಹಾಕಿದಾಗ ಲಕ್ಷಗಟ್ಟಲೆ ಪ್ರವಾಸಿಗರು ಪರದೇಶಗಳಲ್ಲಿದ್ದರು. ಅದರಲ್ಲಿ ಸುಮಾರು ಒಂದೂವರೆ ಲಕ್ಷ ಜನರನ್ನು ಬ್ರಿಟನ್ನಿಗೆ ಕರೆತಂದದ್ದು ಅಲ್ಲಿನ ಸರ್ಕಾರ ಮತ್ತು ವಿಮಾನಯಾನ ಪ್ರಾಧಿಕಾರ. ಅಂಥ ವ್ಯವಸ್ಥೆ ಎಲ್ಲ ದೇಶದಲ್ಲೂ ಇಲ್ಲ. ನಿಮ್ಮ ಪಾಲಿಸಿಯಲ್ಲಿ ಕಂಪನಿ ದಿವಾಳಿಯಾದರೆ ಪರಿಹಾರ ಅಂತ ಬರೆದಿದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಚಾರಣ, ಸ್ಕೂಬಾ, ಸ್ಕೀಯಿಂಗ್ ಮಾಡುವವರಿಗೆ ಒಂದೆರಡು ಮಾತು. ಇಷ್ಟು ಎತ್ತರದವರೆಗೆ, ಇಷ್ಟು ಆಳದವರೆಗೆ ಎಂಬ ಮಿತಿ ಪಾಲಿಸಿಯಲ್ಲಿರುತ್ತದೆ. ಬಾಡಿಗೆ ಬೈಕ್ ಓಡಿಸುವುದಾದರೆ ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇರಬೇಕು, ಹೆಲ್ಮೆಟ್ ಇರಬೇಕು. ಕುಡಿದು ಅಪಘಾತವಾದರೆ ಕ್ಲೈಮ್ ಮರೆತುಬಿಡಿ. ಯುದ್ಧ ನಡೆಯುವ ಜಾಗಕ್ಕೆ, ಹೋಗಬೇಡಿ ಎಂದು ನಿಮ್ಮ ಸರ್ಕಾರ ಹೇಳಿದ ಜಾಗಕ್ಕೆ ಹೋದರೂ ಹೆಚ್ಚಾಗಿ ಹಾಗೇ.

ಮೊತ್ತ ಎಷ್ಟೇ ದೊಡ್ಡದಿರಲಿ, ಒಳಗಿನ ಮಿತಿಗಳನ್ನು ನೋಡಿ. ಕ್ಲೈಮ್ ಮಾಡಿದಾಗ ಮೊದಲಿಗೆ ನಿಮ್ಮ ಕೈಯಿಂದ ಕೊಡಬೇಕಾದ ದುಡ್ಡು ಎಷ್ಟು, ಅದು ಒಬ್ಬೊಬ್ಬರಿಗೂ ಬೇರೆಯಾ, ಆಸ್ಪತ್ರೆ ರೂಮಿಗೆ ದಿನಕ್ಕೆ ಇಷ್ಟೇ ಅಂತ ಇದೆಯಾ, ಒಂದು ವಸ್ತುವಿಗೆ ಇಷ್ಟೇ ಅಂತ ಇದೆಯಾ. ಒಂದು ಕ್ಯಾಮೆರಾ ಹೋದರೆ ಅದರ ಪೂರ್ತಿ ಬೆಲೆ ಸಿಗುತ್ತದೆ ಅಂದುಕೊಳ್ಳುವವರು ಬಹಳ ಜನ. ಕ್ರೆಡಿಟ್ ಕಾರ್ಡ್ ಜೊತೆ ಬರುವ ವಿಮೆಯೂ ಅಷ್ಟೇ, ಟಿಕೆಟ್‌ನ ದುಡ್ಡು ಅದೇ ಕಾರ್ಡಿನಲ್ಲಿ ಕಟ್ಟಿದ್ದರೆ ಮಾತ್ರ ಅನ್ವಯ ಎಂಬಂಥ ಷರತ್ತುಗಳಿರುತ್ತವೆ. ಇಡೀ ವರ್ಷದ ಪಾಲಿಸಿ ಕೊಂಡವರು ಒಂದು ಪ್ರವಾಸಕ್ಕೆ ಎಷ್ಟು ದಿನ ಅಂತ ನೋಡಿಕೊಳ್ಳಬೇಕು. 30 ದಿನ, 45 ದಿನ ಹೀಗೆ ಮಿತಿ ಇರುತ್ತದೆ, ಅದು ದಾಟಿದರೆ ವಿಮೆ ಇದ್ದೂ ಇಲ್ಲದ ಹಾಗೆ.

ಪಾಲಿಸಿ ಬಂದ ಕೂಡಲೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ದೇಶಗಳ ಹೆಸರು ಸರಿ ಇದೆಯಾ ನೋಡಿ. 24 ಗಂಟೆ ಸಹಾಯವಾಣಿಯ ನಂಬರನ್ನು ಫೋನ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಾಗದದಲ್ಲಿ ಬರೆದು ಜೊತೆಯವರಿಗೂ ಕೊಡಿ, ಮನೆಯಲ್ಲೂ ಒಂದು ಪ್ರತಿ ಇರಲಿ. ಪ್ರಜ್ಞೆ ತಪ್ಪಿದವರ ಫೋನ್ ಬೀಗ ತೆಗೆಯುವವರು ಯಾರು? ಆಸ್ಪತ್ರೆಗೆ ಸೇರುವ ಮೊದಲು, ಆಗದಿದ್ದರೆ ಸೇರಿದ ಕೂಡಲೇ, ಆ ನಂಬರಿಗೆ ಕರೆ ಮಾಡಬೇಕು. ಆಗ ಕಂಪನಿಯವರು ನೇರವಾಗಿ ಆಸ್ಪತ್ರೆಯ ಜೊತೆ ಮಾತಾಡಿ ಬಿಲ್ ಕಟ್ಟುವ ಭರವಸೆ ಕೊಡಬಹುದು. ಕರೆ ಮಾಡದೆ ತಾವೇ ಖರ್ಚು ಮಾಡಿಕೊಂಡರೆ ಆಮೇಲೆ ಪ್ರತಿಯೊಂದು ರಸೀದಿಗೂ ಪ್ರಶ್ನೆ ಎದುರಿಸಬೇಕಾಗುತ್ತದೆ. ಕಳ್ಳತನವಾದರೆ ಪೊಲೀಸ್ ದೂರಿನ ಪ್ರತಿ ಬೇಕೇ ಬೇಕು, ಅದಕ್ಕೂ ಬಹಳ ಪಾಲಿಸಿಗಳಲ್ಲಿ ಗಡುವು ಇದೆ.

ಕಂಪನಿಗಳ ಮೇಲೂ ನನಗೆ ಸಿಟ್ಟಿದೆ. ಏನೇನು ಸಿಗುತ್ತದೆ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ, ಏನು ಸಿಗುವುದಿಲ್ಲ ಅನ್ನುವುದನ್ನು ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ, ವಕೀಲರಿಗೂ ಎರಡು ಸಲ ಓದಬೇಕಾಗುವ ಭಾಷೆಯಲ್ಲಿ ತುಂಬುತ್ತಾರೆ. ಜನ ಓದುವುದಿಲ್ಲ ಎಂದು ಜನರನ್ನೇ ಬೈಯುವುದು ಸುಲಭ. ಓದುವ ಹಾಗೆ ಬರೆಯಲಿ, ಆಮೇಲೆ ಬೈಯಲಿ.

ಇಲ್ಲಿ ನಿಮ್ಮ ಪತ್ರಿಕೆ ಒಂದು ಕೆಲಸ ಮಾಡಬಹುದು. ಮುಂದಿನ ಪುರವಣಿಯಲ್ಲಿ ಪ್ರವಾಸ ವಿಮೆಗೆ ಒಂದು ಪೂರ್ತಿ ಪುಟ ಕೊಡಿ. ಯಾವುದಾದರೂ ಪಾಲಿಸಿಯ 'ಸೇರದಿರುವ ವಿಷಯಗಳು' ಎಂಬ ಭಾಗವನ್ನು ತೆಗೆದುಕೊಂಡು, ಕ್ಲೈಮ್ ಕೆಲಸ ಬಲ್ಲವರಿಂದ ಸಾಲು ಸಾಲಾಗಿ ಬಿಡಿಸಿ ಬರೆಸಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಪ್ರತ್ಯೇಕವಾಗಿ ಬರೆಸಿ, ಅವರಿಗೇ ಇದು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು.

ಇಂತಿ,
ನಿಮ್ಮ ಪತ್ರಿಕೆಯ ಓದುಗ