ಕ್ಯಾತ್ಸಂದ್ರದಲ್ಲಿ ಅಣ್ಣನ ತಲೆ ಹಿಡಿದು ಕೂತಿದ್ದವರಿಗೆ

ಹೋದ ತಿಂಗಳು ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ನಮ್ಮಣ್ಣನ ಬೈಕ್ ಜಾರಿತು. ಹಿಂದೆ ಕೂತಿದ್ದ ನನಗೆ ಮೊಣಕೈ ತರಚಿತಷ್ಟೆ. ಅಣ್ಣ ಅಂಗಾತ ಬಿದ್ದು "ಕತ್ತು, ಕತ್ತು" ಅಂತ ನರಳುತ್ತಿದ್ದ. ನಾಲ್ಕು ಜನ ಓಡಿಬಂದು ಕೈಕಾಲು ಹಿಡಿದು ಆಟೋಗೆ ಹಾಕಲು ಹೊರಟರು. ನಾನೂ ಬೇಗ ಎತ್ತಿ ಅಂತಲೇ ಕಿರುಚುತ್ತಿದ್ದೆ.

ಆಗ ಎಳನೀರಿನ ಟೆಂಪೊ ನಿಲ್ಲಿಸಿ ನೀವು ಇಳಿದು ಬಂದಿರಿ. "ಎತ್ಬೇಡಿ! ಕತ್ತು ಅಲುಗಿದ್ರೆ ಕೈಕಾಲೇ ಹೋಗ್ತವೆ. 108ಕ್ಕೆ ಫೋನ್ ಮಾಡಿ." ಹೆಲ್ಮೆಟ್ ಬಿಚ್ಚಲು ಬಂದವರನ್ನೂ ತಡೆದಿರಿ. ಕಾದ ಟಾರಿನ ಮೇಲೆ ಮಂಡಿಯೂರಿ, ಹೆಲ್ಮೆಟ್ ಸಮೇತ ತಲೆಯನ್ನು ಎರಡೂ ಅಂಗೈಗಳ ನಡುವೆ ಅಲುಗದಂತೆ ಹಿಡಿದಿರಿ. ಹೆಗಲ ಟವೆಲ್ ನನಗೆ ಕೊಟ್ಟು "ನೆರಳು ಹಿಡ್ಕೊಳಮ್ಮ" ಅಂದಿರಿ. ಅವನಿಗೆ, "ತಲೆ ಆಡಿಸ್ಬೇಡ ಕಣಪ್ಪ, ಬಾಯಲ್ಲೇ ಹೂಂ ಅನ್ನು." ಎಷ್ಟು ಸಲ ಹೇಳಿದಿರೋ!

ಆಂಬುಲೆನ್ಸ್ ಬರಲು ಇಪ್ಪತ್ತು ನಿಮಿಷ. ನಿಮ್ಮ ತೋಳು ನಡುಗುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆದರೂ ಕತ್ತಿಗೆ ಕಾಲರ್ ಹಾಕಿ, ದಿಮ್ಮಿ ಹೊರಳಿಸಿದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಗೆ ಮಲಗಿಸುವವರೆಗೂ ಕೈ ಬಿಡಲಿಲ್ಲ.

ಕತ್ತಿನ 7 ಮೂಳೆಗಳಲ್ಲಿ 5ನೆಯದು ಮುರಿದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟ್, ಸ್ಕ್ರೂ ಹಾಕಿದರು. ಬೆನ್ನುಹುರಿಗೆ ಪೆಟ್ಟಾಗಿರಲಿಲ್ಲ. "ರಸ್ತೆಯಲ್ಲಿ ತಲೆ ಹಿಡಿದಿದ್ದವರು ಯಾರು?" ಅಂತ ನ್ಯೂರೋಸರ್ಜನ್ ಕೇಳಿದಾಗ ಹೇಳಲು ನನ್ನ ಹತ್ತಿರ ನಿಮ್ಮ ಹೆಸರೂ ಇರಲಿಲ್ಲ. ಅಳು ಬಂತು.

ನಿನ್ನೆ ಅಣ್ಣ ಕಾಲರ್ ಹಾಕಿಕೊಂಡೇ ಹೊಸ್ತಿಲವರೆಗೆ ನಡೆದ. ಅಮ್ಮ ನಿಮ್ಮನ್ನು ನೆನೆದು ಕೈ ಮುಗಿದಳು. ಕೆಂಪು ಅಂಚಿನ ಆ ಟವೆಲ್ ನಮ್ಮಲ್ಲೇ ಉಳಿದಿದೆ, ಅಣ್ಣಾ. ಒಗೆದು ಮಡಚಿಟ್ಟಿದ್ದೇನೆ.