ಸುಹಾಸನಿಗೆ, ಪೆನ್ನಿ ವಿಷಯ

ಪ್ರೀತಿಯ ಸುಹಾಸ,

ನೀನು ವಾಟ್ಸಾಪಲ್ಲಿ ಕಳ್ಸಿದ 1995ರ ಪೆನ್ನಿ, ಅಂದ್ರೆ ಅಮೆರಿಕದ ಒಂದು ಸೆಂಟ್ ನಾಣ್ಯದ ಫೋಟೋ ದೊಡ್ಡದು ಮಾಡ್ಕೊಂಡು ನೋಡ್ದೆ ಕಣೋ. ಡಬಲ್ಡ್ ಡೈ ಸಿಕ್ತು ದೊಡ್ಡಮ್ಮಾ ಅಂತ ಅಷ್ಟು ಖುಷಿಯಾಗಿ ಬರ್ದಿದೀಯ, ಅಂದ್ರೆ ಅಚ್ಚಲ್ಲೇ ಅಕ್ಷರ ಜೋಡಿಯಾಗಿ ಮೂಡಿರೋ ನಾಣ್ಯ, ಆದ್ರೆ ಅದು ಅದಲ್ಲ. ಇಸವಿ ಪಕ್ಕದಲ್ಲಿ ಚಪ್ಪಟೆಯಾಗಿ ಮೆಟ್ಟಿಲು ತರ ಕಾಣ್ತಿದೆಯಲ್ಲ, ಅದು ನಾಣ್ಯ ಹೊಡೆಯೋವಾಗ ಡೈ, ಅಂದ್ರೆ ಅಚ್ಚು, ಸಡಿಲವಾಗಿ ಒಂಚೂರು ಜಾರಿದ್ರೆ ಆಗೋದು, ಮೆಷಿನ್ ಡಬ್ಲಿಂಗ್ ಅಂತಾರೆ, ಅದಕ್ಕೆ ಒಂದು ಸೆಂಟಿಗಿಂತ ಜಾಸ್ತಿ ಯಾರೂ ಕೊಡಲ್ಲ. ನಿಜವಾದ ಡಬಲ್ಡ್ ಡೈ ಅಂದ್ರೆ ತಪ್ಪು ಡೈಯಲ್ಲೇ ಇರುತ್ತೆ, ಹಾಗಾಗಿ ಆ ಡೈಯಿಂದ ಬಂದ ಎಲ್ಲಾ ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ತರ ಇರುತ್ತೆ, ಎರಡನೇ ಅಕ್ಷರನೂ ದುಂಡಗೆ ಉಬ್ಬಿರುತ್ತೆ, ತುದಿ ಸೀಳಿ ಎರಡಾಗಿರುತ್ತೆ. ಇನ್ನೊಂದು ಗುರುತು, ಡಬಲ್ಡ್ ಡೈಯಲ್ಲಿ ಅಕ್ಷರ ದಪ್ಪ ಆಗುತ್ತೆ, ಮೆಷಿನ್ ಡಬ್ಲಿಂಗಲ್ಲಿ ತೆಳ್ಳಗಾಗುತ್ತೆ. 1995ರದ್ರಲ್ಲಿ ನೋಡ್ಬೇಕಾಗಿರೋದು ಲಿಬರ್ಟಿ ಅನ್ನೋ ಪದ, ಆಮೇಲೆ ಮೇಲಿರೋ "ಇನ್ ಗಾಡ್ ವಿ ಟ್ರಸ್ಟ್" ಸಾಲಿನ ಇನ್ ಗಾಡ್. ಇಸವಿನಲ್ಲ.

ನನ್ನ ಮಾತು ಕೇಳೋದಾದ್ರೆ ನಾಣ್ಯ ಪೂರ್ತಿ ತಡಕಾಡ್ಬೇಡ, ಒಂದೊಂದು ವರ್ಷಕ್ಕೆ ಎಲ್ಲಿ ನೋಡ್ಬೇಕು ಅನ್ನೋದು ಗೊತ್ತಿರೋ ವಿಷ್ಯ, ಅಲ್ಲಿ ಮಾತ್ರ ನೋಡು. 1998, 1999, 2000ದಲ್ಲಿ ಹಿಂದುಗಡೆ ಅಮೆರಿಕ ಪದದ ಎ ಮತ್ತು ಎಂ ಬುಡದಲ್ಲಿ ಅಂಟ್ಕೊಂಡಂಗಿರ್ಬೇಕು, ಮಧ್ಯೆ ಕಣ್ಣಿಗೆ ಕಾಣೋ ಸಂದಿ ಇದ್ರೆ ಅದೇ ವೈಡ್ ಎಎಂ, ಎತ್ತಿಡು, 1999 ಆದ್ರಂತೂ ನಂಗೆ ತಕ್ಷಣ ಫೋನ್ ಮಾಡು. 1992ರಲ್ಲಿ ಇದು ಉಲ್ಟಾ, ಅಲ್ಲಿ ಸಂದಿ ಇರೋದೇ ಮಾಮೂಲು, ಅಂಟ್ಕೊಂಡಿರೋದು ಅಪರೂಪ, ಎಷ್ಟು ಅಪರೂಪ ಅಂದ್ರೆ ಅದನ್ನ ನಂಬ್ಕೊಂಡು ಕೂರ್ಬೇಡ.

1982 ಮಾತ್ರ ಕಣ್ಣಲ್ಲಿ ನೋಡಿದ್ರೆ ಸಾಲಲ್ಲ, ತೂಗ್ಬೇಕು. ತಾಮ್ರ ದುಬಾರಿ ಆಯ್ತು ಅಂತ ಆ ವರ್ಷ ಮಧ್ಯದಲ್ಲೇ ಟಂಕಸಾಲೆಯವರು ಒಳಗೆ ಜಿಂಕ್ ಹಾಕಿ ಮೇಲೆ ತಾಮ್ರದ ಲೇಪ ಕೊಡೋಕೆ ಶುರು ಮಾಡಿದ್ರು. ಹಳೇದು 3.11 ಗ್ರಾಂ, ಹೊಸದು 2.5. ಜೊತೆಗೆ ಇಸವೀಲೂ ದೊಡ್ಡಂಕಿ ಸಣ್ಣಂಕಿ ಅಂತ ಎರಡು, ಸಣ್ಣದ್ರಲ್ಲಿ 2ರ ಬುಡ ಬಳುಕಿರುತ್ತೆ, ದೊಡ್ಡದ್ರಲ್ಲಿ ನೇರ. ಡೆನ್ವರ್ ಟಂಕಸಾಲೆಯ ಡಿ ಗುರುತು, ಸಣ್ಣಂಕಿ, ತಾಮ್ರ, ಈ ಮೂರೂ ಸೇರಿದ ಪೆನ್ನಿ ಇಲ್ಲವೇ ಇಲ್ಲ ಅಂದ್ಕೊಂಡಿದ್ರು, 2016ರಲ್ಲಿ ಒಂದು ಸಿಕ್ಬಿಡ್ತು ನೋಡು!

1943ರದ್ದು ತಾಮ್ರದ ಬಣ್ಣದಲ್ಲಿ ಸಿಕ್ರೆ ಮೊದ್ಲು ಮ್ಯಾಗ್ನೆಟ್ ಹಿಡಿ. ಯುದ್ಧಕ್ಕೆ ತಾಮ್ರ ಬೇಕಾಗಿತ್ತು ಅಂತ ಆ ವರ್ಷ ಉಕ್ಕಿನಲ್ಲಿ ಹೊಡೆದ್ರು, ಅದಕ್ಕೇ ತಾಮ್ರ ಬಳಿದು ಮಾರೋ ಕಳ್ರು ತುಂಬಾ. ಮ್ಯಾಗ್ನೆಟ್‌ಗೆ ಅಂಟ್ಕೊಂಡ್ರೆ ಕಥೆ ಮುಗೀತು. ಅಪ್ಪಿತಪ್ಪಿ ತಾಮ್ರದಲ್ಲೇ ಅಚ್ಚಾದ ನಿಜವಾದ 1943 ತೀರಾ ಅಪರೂಪ, ಹಾಗಾಗಿ ಅಂಟದಿದ್ರೂ ಕುಣೀಬೇಡ, 1948ರ 8ನ್ನ ಕೆತ್ತಿ 3 ಮಾಡ್ತಾರೆ.

ಇನ್ನೊಂದು ಹೇಳ್ಬಿಡ್ತೀನಿ. ಅಮ್ಮ ದೇವ್ರ ಸಾಮಾನು ಉಜ್ಜೋ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೋಗ್ಬೇಡ, ಫಳಫಳ ಹೊಳೆಯುತ್ತೆ ನಿಜ, ಆದ್ರೆ ಬೆಲೆ ಅಲ್ಲಿಗೇ ಹೋಯ್ತು. ಪಿವಿಸಿ ಕವರೂ ಬೇಡ, ವರ್ಷ ಕಳೆದಂಗೆ ಹಸಿರು ಅಂಟು ಬಿಡುತ್ತೆ. ಆಮೇಲೆ 2025ರ ನವೆಂಬರಲ್ಲಿ ಚಲಾವಣೆಗೆ ಪೆನ್ನಿ ಹೊಡೆಯೋದೇ ನಿಲ್ಲಿಸಿದ್ರಲ್ಲ, ಆವಾಗಿಂದ ಆನ್‌ಲೈನಲ್ಲಿ ಸವೆದಿರೋದಕ್ಕೆಲ್ಲ ಸಾವಿರಾರು ಡಾಲರ್ ಬೆಲೆ ಹಾಕಿ ಕೂತಿದಾರೆ. ಕೇಳೋ ಬೆಲೆ ನೋಡ್ಬೇಡ, ಎಷ್ಟಕ್ಕೆ ಹೋಗಿದೆ ಅನ್ನೋದು ನೋಡು.

ಬ್ಯಾಂಕಲ್ಲಿ ಸಿಕ್ಕಿದ್ರೆ 25 ಡಾಲರ್ ಕೊಟ್ಟು ಒಂದು ಬಾಕ್ಸ್ ತಗೋ, 2500 ಪೆನ್ನಿ ಇರುತ್ತೆ, ಏನೂ ಸಿಗ್ಲಿಲ್ಲ ಅಂದ್ರೆ ವಾಪಸ್ ಕೊಟ್ರೆ ದುಡ್ಡು ದುಡ್ಡಿಗೇ ಬಂತು. ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಲೂಪ್, ಅಂದ್ರೆ ಪುಟ್ಟ ಭೂತಗನ್ನಡಿ, ನೀನು ತಗೋ, ತೂಕದ ಸ್ಕೇಲ್ ನಾನೇ ಆರ್ಡರ್ ಮಾಡಿದೀನಿ, ಗ್ರಾಮಿನ ನೂರನೇ ಭಾಗದವರೆಗೂ ತೋರ್ಸುತ್ತೆ, ಗುರುವಾರ ನಿನ್ನ ಅಡ್ರೆಸ್‌ಗೆ ಬರುತ್ತೆ, ಮನೇಲಿರು.

ನಿನ್ನ ದೊಡ್ಡಮ್ಮ